ಹನ್ನೆರಡರ ರಾಣಿಯನ್ನು ಕಾದಂಬರಿಗೆ ತರುವುದು ಹೇಗೆ? ಹೆಜ್ಜೆ ಹೆಜ್ಜೆಯಾಗಿ ಒಂದು ಮಾರ್ಗದರ್ಶಿ

ಒಂದು ಚಿತ್ರವಿದೆ. ಮೂವರು ಹೆಂಗಸರು, ಮೈತುಂಬ ಒಡವೆ. ಬಲಗಡೆಯವಳು ಸೆರಗನ್ನು ಚೂರು ಸರಿಸಿ, ಎಡತೋಳಿನ ಮೇಲ್ಭಾಗವನ್ನು ತೋರಿಸುವ ಹಾಗೆ ಕೈ ಇಟ್ಟಿದ್ದಾಳೆ. ಬರೆದವನು ಥಾಮಸ್ ಹಿಕ್ಕಿ ಎಂಬ ಐರಿಷ್ ಚಿತ್ರಕಾರ, 1805ರ ಸುಮಾರಿಗೆ. ಬಹಳ ಕಾಲ ಇವರನ್ನು ನರ್ತಕಿಯರು ಅಂತಲೇ ನಂಬಿದ್ದರು. ಆಮೇಲೆ ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಬೇರೆ ಮಾತು ಹೇಳಿದರು. ಇವರು ಮೈಸೂರು ಅರಮನೆಯವರು. ಬಲಗಡೆಯವಳು ಮುಮ್ಮಡಿ ಕೃಷ್ಣರಾಜ ಒಡೆಯರ ಕಿರಿಯ ರಾಣಿ ದೇವಾಜಮ್ಮಣ್ಣಿ. ಅವಳು ತೋರಿಸುತ್ತಿರುವುದು ಸಿಡುಬಿನ ಲಸಿಕೆ ಹಾಕಿಸಿಕೊಂಡ ಜಾಗ. ಎಡಗಡೆಯವಳು ಹಿರಿಯ ರಾಣಿ, ಅವಳ ಹೆಸರೂ ದೇವಾಜಮ್ಮಣ್ಣಿಯೇ. ಅವಳ ಮೂಗು, ಬಾಯಿಯ ಸುತ್ತ ಬಣ್ಣ ಮಾಸಿದ ಹಾಗಿದೆ. ಸಿಡುಬಿನ ಹಕ್ಕಳೆಯನ್ನು ಒಣಗಿಸಿ, ಪುಡಿ ಮಾಡಿ ಮೂಗಿಗೆ ಕೊಡುತ್ತಿದ್ದ ಹಳೇ ಪದ್ಧತಿಯ ಗುರುತು ಅದು ಅನ್ನುತ್ತಾರೆ ಅವರು. ಇದು ಅವರ ವಾದ, ಕಲ್ಲಿನಲ್ಲಿ ಕೆತ್ತಿದ ಶಾಸನವಲ್ಲ. ಆದರೆ ಗಟ್ಟಿಯಾದ ವಾದ.

ಅರಮನೆಗೆ ಬಂದಾಗ ಬಲಗಡೆಯ ಈ ಹುಡುಗಿಗೆ ಹನ್ನೆರಡರ ಆಸುಪಾಸು.

ಹದಿಹರೆಯದವರಿಗೆ ಅಂತ ಐತಿಹಾಸಿಕ ಕಾದಂಬರಿ ಬರೆಯಬೇಕು ಅನ್ನುವವರಿಗೆ ನಾನು ತೋರಿಸುವುದು ಈ ಚಿತ್ರವನ್ನೇ. ಈ ಬರಹದುದ್ದಕ್ಕೂ ಇದೇ ಹುಡುಗಿಯನ್ನು ಇಟ್ಟುಕೊಂಡು ಹೋಗೋಣ. ನಿಮ್ಮ ರಾಣಿ ಬೇರೆ ಇರಬಹುದು. ದಾರಿ ಹೆಚ್ಚುಕಮ್ಮಿ ಇದೇ.

ಮೊದಲ ಹೆಜ್ಜೆ: ಜಾಸ್ತಿ ಗೊತ್ತಿರುವ ರಾಣಿಯನ್ನು ಬಿಡಿ

ರಾಣಿ ಅಂದ ಕೂಡಲೇ ನಮಗೆ ಕತ್ತಿ, ಕುದುರೆ ನೆನಪಾಗುತ್ತವೆ. ಕಿತ್ತೂರು ಚೆನ್ನಮ್ಮ 1824ರಲ್ಲಿ ಕುಂಪಣಿಯ, ಅಂದರೆ ಈಸ್ಟ್ ಇಂಡಿಯಾ ಕಂಪನಿಯ ಎದುರು ನಿಂತಾಗ ಅವಳದು ನಡುವಯಸ್ಸು. ಅವಳ ಬಗ್ಗೆ ಲಾವಣಿ, ನಾಟಕ, ಸಿನಿಮಾ ಎಲ್ಲ ಬಂದಿವೆ. ಓದುವವರ ತಲೆಯಲ್ಲಿ ಅವಳ ಮುಖ ಮೊದಲೇ ಕೂತಿದೆ. ನೀವು ಹೊಸದಾಗಿ ಬರೆಯಲು ಜಾಗ ಕಡಿಮೆ.

ನಿಮಗೆ ಬೇಕಾಗಿರುವುದು ದಾಖಲೆಯ ಅಂಚಿನಲ್ಲಿ ನಿಂತ ಹುಡುಗಿ. ಸುತ್ತಲಿನ ಗಂಡಸರ ಬಗ್ಗೆ ಪುಟಗಟ್ಟಲೆ ಇರಬೇಕು, ಅವಳ ಬಗ್ಗೆ ಎರಡು ಸಾಲು. ದೇವಾಜಮ್ಮಣ್ಣಿಯ ಮಟ್ಟಿಗೆ ಉಳಿದಿರುವುದು ಒಂದು ಹೆಸರು, ಒಂದು ತೋಳು. ಹೆಸರಾದರೂ ಅವಳೊಬ್ಬಳದೇ ಅಲ್ಲ.

ಇನ್ನೊಂದು ಉದಾಹರಣೆ ಬೇಕಾದರೆ ಕೆಂಪನಂಜಮ್ಮಣ್ಣಿಯವರನ್ನು ನೋಡಿ. 1895ರಿಂದ 1902ರವರೆಗೆ ಮಗನ ಪರವಾಗಿ ಮೈಸೂರು ಆಳಿದ ರೀಜೆಂಟ್ ಇವರೇ, ವಾಣಿ ವಿಲಾಸ ಸನ್ನಿಧಾನ ಅಂತ ಎಲ್ಲರಿಗೂ ಗೊತ್ತು. ಹಿರಿಯೂರಿನ ಹತ್ತಿರದ ಮಾರಿಕಣಿವೆ ಅಣೆಕಟ್ಟಿಗೆ ಅವರದೇ ಹೆಸರು. ಆದರೆ 1878ರಲ್ಲಿ ಹತ್ತನೇ ಚಾಮರಾಜ ಒಡೆಯರನ್ನು ಮದುವೆಯಾಗಿ ಬಂದ ಹನ್ನೆರಡರ ಹುಡುಗಿ ಯಾರಿಗೆ ಗೊತ್ತು? ರಾಜ್ಯ ಆಗಷ್ಟೇ ಭಯಂಕರ ಬರಗಾಲದಿಂದ ಏಳುತ್ತಿತ್ತು. ಹೊರಗೆ ಹಸಿವು, ಒಳಗೆ ಮದುವೆಯೂಟ. ಅಲ್ಲೂ ಒಂದು ಕಾದಂಬರಿ ಕಾಯುತ್ತಿದೆ. ಯಾರಾದರೂ ಬರೆಯಿರಿ.

ಎರಡನೇ ಹೆಜ್ಜೆ: ಮೂರು ಪಟ್ಟಿ

ಒಂದು ನೋಟ್‌ಬುಕ್ ತೆಗೆದುಕೊಂಡು ಮೂರು ಭಾಗ ಮಾಡಿ. ಖಂಡಿತ ನಡೆದದ್ದು. ನಡೆದಿರಬಹುದಾದದ್ದು. ನಡೆದಿರಲು ಸಾಧ್ಯವೇ ಇಲ್ಲದ್ದು.

ಮೊದಲ ಪಟ್ಟಿ ಚಿಕ್ಕದಿರಲಿ, ಆದರೆ ಗಟ್ಟಿಯಿರಲಿ. ನನ್ನದರಲ್ಲಿ ಇದ್ದದ್ದು ಇಷ್ಟು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ಜೂನ್ 30ರಂದು ಐದು ವರ್ಷ ತುಂಬದ ಕೃಷ್ಣರಾಜನಿಗೆ ಮೈಸೂರಿನಲ್ಲಿ ಪಟ್ಟ ಕಟ್ಟಿದರು. ಹೈದರ್, ಟಿಪ್ಪು ಇಬ್ಬರ ಬಳಿಯೂ ಕೆಲಸ ಮಾಡಿದ್ದ ಪೂರ್ಣಯ್ಯನವರೇ ದಿವಾನರಾದರು. ಒಪ್ಪಂದದ ಪ್ರಕಾರ ಮೈಸೂರು ಕುಂಪಣಿಗೆ ವರ್ಷಕ್ಕೆ 7 ಲಕ್ಷ ಸ್ಟಾರ್ ಪಗೋಡ, ಅಂದರೆ ಆಗಿನ ಚಿನ್ನದ ನಾಣ್ಯ, ಕಟ್ಟಬೇಕಿತ್ತು. ಸಿಡುಬಿನ ಲಸಿಕೆ ಭಾರತದಲ್ಲಿ ಮೊದಲು ಫಲಿಸಿದ್ದು ಮುಂಬಯಿಯಲ್ಲಿ, 1802ರ ಜೂನ್ 14ರಂದು, ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗುವಿನ ತೋಳಿನಲ್ಲಿ. ರಾಜನ ಅಜ್ಜಿ ಲಕ್ಷ್ಮಮ್ಮಣ್ಣಿ ತೀರಿಕೊಂಡದ್ದು 1810ರಲ್ಲಿ.

ಮೂರನೇ ಪಟ್ಟಿಯೇ ನಿಮ್ಮ ಮಾನ ಉಳಿಸುವುದು. ನನ್ನ ಮೊದಲ ಕರಡಿನಲ್ಲಿ ರಾಣಿ ಬೆಳಿಗ್ಗೆ ಎದ್ದು ಫಿಲ್ಟರ್ ಕಾಫಿ ಕುಡಿಯುತ್ತಿದ್ದಳು! ಬಾಬಾಬುಡನ್‌ಗಿರಿಯಲ್ಲಿ ಆಗಲೇ ಕಾಫಿ ಗಿಡ ಇತ್ತು, ನಿಜ. ಆದರೆ ನಮ್ಮ ಈಗಿನ ಬೆಳಗಿನ ಕಾಫಿಯ ಅಭ್ಯಾಸ ಬಹಳ ಆಮೇಲಿನದು. ಮೈಸೂರು ಪಾಕ್ ಕೂಡ ಬೇಡ, ಅದು ಇಪ್ಪತ್ತನೇ ಶತಮಾನದ ತಿಂಡಿ. ಟೊಮೆಟೊ ಸಾರು ಬೇಡ, ಹುಣಸೆ ಹುಳಿಯಿರಲಿ. ಬೆಂಕಿಕಡ್ಡಿ ಗೀರಿ ದೀಪ ಹಚ್ಚಿಸಬೇಡಿ. ಚಾಮುಂಡಿ ಬೆಟ್ಟದ ದೊಡ್ಡ ಗೋಪುರ 1827ರದ್ದು, ಇದೇ ಕೃಷ್ಣರಾಜರು ದೊಡ್ಡವರಾದ ಮೇಲೆ ಕಟ್ಟಿಸಿದ್ದು. ನಮ್ಮ ಹುಡುಗಿ ಕಿಟಕಿಯಿಂದ ಬೆಟ್ಟ ನೋಡಿದರೆ ಆ ಗೋಪುರ ಕಾಣಿಸಬಾರದು. ಬೆಟ್ಟದ ನಂದಿ ಮಾತ್ರ ಆಗಲೂ ಇತ್ತು, ಮೆಟ್ಟಿಲೂ ಇದ್ದವು. ಹರಕೆ ಹೊತ್ತವರು ಹತ್ತಬಹುದು.

ಎರಡನೇ ಪಟ್ಟಿಯೇ ನಿಮ್ಮ ಕಾದಂಬರಿ. ಅದನ್ನು ಈಗಲೇ ತುಂಬಬೇಡಿ.

ಮೂರನೇ ಹೆಜ್ಜೆ: ಅರಮನೆಯ ಒಳಗೆ ನಡೆಯಿರಿ

ಇಲ್ಲಿ ನಿಧಾನವಾಗಿ ಹೋಗೋಣ, ಯಾಕೆಂದರೆ ಜಾಸ್ತಿ ಜನ ಎಡವುವುದು ಇಲ್ಲೇ.

ಮೈಸೂರು ಅರಮನೆ ಅಂದರೆ ಕಣ್ಣ ಮುಂದೆ ಬರುವುದು ದೀಪಾಲಂಕಾರದ ಗುಮ್ಮಟಗಳು. ಆ ಕಟ್ಟಡ ಮುಗಿದದ್ದು 1912ರಲ್ಲಿ. ಅದಕ್ಕೂ ಮುಂಚೆ ಅಲ್ಲಿದ್ದ ಮರದ ಅರಮನೆ 1897ರಲ್ಲಿ, ರಾಜಕುಮಾರಿಯ ಮದುವೆಯ ಹೊತ್ತಿನಲ್ಲಿ ಬೆಂಕಿಗೆ ಸಿಕ್ಕಿತು. ನಮ್ಮ ಹುಡುಗಿ ಬಂದದ್ದು ಆ ಮರದ ಅರಮನೆಗೆ. ಆಗ ಅದು ಹೊಚ್ಚ ಹೊಸದು! ಟಿಪ್ಪು ಮೈಸೂರಿನ ಹಳೇ ಕೋಟೆ ಒಡೆಸಿ, ಆ ಕಲ್ಲನ್ನು ನಜರ್‌ಬಾದಿನ ಕೋಟೆಗೆ ಸಾಗಿಸಿದ್ದ. 1799ರ ನಂತರ ಅದೇ ಕಲ್ಲುಗಳು ವಾಪಸ್ಸು ಬಂದವು.

ಇದನ್ನು ತಿಳಿದುಕೊಂಡ ದಿನ ನನ್ನ ಇಡೀ ಕಥೆಯ ವಾಸನೆ ಬದಲಾಯಿತು. ಅಲ್ಲಿಯವರೆಗೆ 'ಶತಮಾನಗಳ ಹಳೆಯ ಗೋಡೆಗಳು' ಅಂತ ಬರೆದಿದ್ದೆ. ಈಗ ಹಸಿ ಗಾರೆಯ ವಾಸನೆ, ಹೊಸ ತೇಗದ ಕಂಬ, ಇನ್ನೂ ಸರಿಯಾಗಿ ಕೂರದ ಬಾಗಿಲು ಬಂದವು. ಆರು ವರ್ಷದ ಹಿಂದೆ ಬೇರೆ ಕಡೆ ಬಿದ್ದಿದ್ದ ಕಲ್ಲುಗಳ ಮೇಲೆ ಒಬ್ಬಳು ಹುಡುಗಿ ನಡೆಯುತ್ತಿದ್ದಾಳೆ. ಅರಮನೆಯವರೂ ಹಾಗೇ. ಟಿಪ್ಪುವಿನ ಕಾಲದಲ್ಲಿ ಶ್ರೀರಂಗಪಟ್ಟಣದಲ್ಲಿ ಹೀನ ಸ್ಥಿತಿಯಲ್ಲಿ ದಿನ ತಳ್ಳಿದ ಮನೆತನ ಅದು. ದರ್ಬಾರಿನ ಠೀವಿ ಎಲ್ಲ ಹೊಸದಾಗಿ ನೆನಪಿಸಿಕೊಂಡು ಮಾಡುತ್ತಿದ್ದದ್ದು. ಯಾವುದೋ ಶಾಸ್ತ್ರದ ಹೊತ್ತಿಗೆ ಇಬ್ಬರು ಮುದುಕಿಯರು 'ಹೀಗಲ್ಲ, ಹಾಗೆ' ಅಂತ ಜಗಳ ಆಡಿರಲಾರರೇ? ಇದು ಎರಡನೇ ಪಟ್ಟಿಗೆ ಸೇರಲಿ.

ಅವಳ ಒಂದು ದಿನವನ್ನು ಗಂಟೆಯಲ್ಲಿ ಅಳೆಯಬೇಡಿ. ಅವಳಿಗೆ ಜಾವ ಗೊತ್ತು, ಗಳಿಗೆ ಗೊತ್ತು. ಒಂದು ಗಳಿಗೆ ಅಂದರೆ 24 ನಿಮಿಷ. ಬೆಳಿಗ್ಗೆ ಎದ್ದಾಗಿನಿಂದ ಮಲಗುವವರೆಗೆ ಬರೆಯಿರಿ. ಯಾರು ಎಬ್ಬಿಸುತ್ತಾರೆ? ತಲೆ ಬಾಚುವವಳು ಯಾರು? ತೊಟ್ಟಿಯಲ್ಲಿ ಬಿಸಿಲು ಎಲ್ಲಿಗೆ ಬಂದಾಗ ಊಟ? ಮುಟ್ಟಾದರೆ ಎಲ್ಲಿ ಕೂರುತ್ತಾಳೆ, ಅಲ್ಲಿಗೆ ಯಾರು ಬರುತ್ತಾರೆ? ಈ ಕೊನೆಯ ಪ್ರಶ್ನೆಯನ್ನು ನಮ್ಮ ಐತಿಹಾಸಿಕ ಕಾದಂಬರಿಗಳು ಹಾರಿಸಿಬಿಡುತ್ತವೆ. ಹದಿಮೂರರ ಓದುವವಳಿಗೆ ಮೊದಲು ಬರುವುದೇ ಆ ಪ್ರಶ್ನೆ.

ನನ್ನ ಅಕ್ಕನ ಮಗಳಿಗೆ ಹದಿನಾಲ್ಕು. ಮೂರು ಪುಟ ಓದಿ ಕೆಳಗಿಟ್ಟಳು. "ಮಾಮ, ಈ ರಾಣಿಗೆ ಬೇಜಾರಾಗಲ್ವಾ? ಇಡೀ ದಿನ ಏನ್ ಮಾಡ್ತಾಳೆ?" ಉತ್ತರ ನನ್ನ ಹತ್ತಿರ ಇರಲಿಲ್ಲ. ಎರಡು ವಾರ ಅದಕ್ಕೇ ಹೋಯಿತು. ಪಗಡೆ, ಚೌಕಾಬಾರ, ಅಳಗುಳಿಮಣೆ, ಹೂ ಕಟ್ಟುವುದು, ಹಾಡು, ಪುರಾಣ ಕೇಳುವುದು. ಮತ್ತೆ ಜಾಲರಿಯ ಹಿಂದೆ ಕೂತು ದರ್ಬಾರಿನ ಕಡೆ ಕಿವಿ ಕೊಡುವುದು. ಕೊನೆಯದು ಸಿಕ್ಕಿದ ಮೇಲೆ ಕಥೆ ಓಡತೊಡಗಿತು.

ಓದಲು ಏನಿದೆ ಅಂತ ಕೇಳುತ್ತೀರಿ. ಫ್ರಾನ್ಸಿಸ್ ಬುಕನನ್ ಎಂಬ ವೈದ್ಯ 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿ ಬರೆದ ಪ್ರವಾಸ ಕಥನ ಸಿಗುತ್ತದೆ. ಯಾವ ಊರಿನಲ್ಲಿ ಏನು ಬೆಳೆ, ಮಗ್ಗದಲ್ಲಿ ಏನು ನೇಯ್ಗೆ, ಎಲ್ಲ ಇದೆ. ಅದೇ ಕಾಲದಲ್ಲಿ ಕಾಲಿನ್ ಮೆಕೆಂಜಿ ಸೀಮೆಯ ಸರ್ವೆ ಮಾಡಿಸುತ್ತ ಕೈಫಿಯತ್ತುಗಳನ್ನು, ಅಂದರೆ ಊರೂರಿನ ಹಳೇ ಸಂಗತಿಗಳ ಬರಹಗಳನ್ನು, ಕೂಡಿಹಾಕಿಸಿದ. ಊರಿನವರ ಬಾಯಿಂದ ಬಂದ ಕನ್ನಡ ಅಲ್ಲಿದೆ. ಬೆಂಗಳೂರಿನ ರಾಜ್ಯ ಪತ್ರಾಗಾರಕ್ಕೂ ಒಮ್ಮೆ ಹೋಗಿ ಬನ್ನಿ. ಆದರೆ ಇವೆಲ್ಲ ಗಂಡಸರ ಕಣ್ಣು ಅನ್ನುವುದು ನೆನಪಿರಲಿ. ಬುಕನನ್ ಅಂತಃಪುರದ ಅಡುಗೆಮನೆಯಲ್ಲಿ ಕೂತು ಬರೆದವನಲ್ಲ.

ನಾಲ್ಕನೇ ಹೆಜ್ಜೆ: ಅವಳ ಕೈಯಲ್ಲಿ ಏನಿದೆ?

ರಾಣಿ ಅಂದ ಮಾತ್ರಕ್ಕೆ ಅಧಿಕಾರ ಇರುತ್ತದಾ? ಹನ್ನೆರಡರ ಹುಡುಗಿಗೆ ಏನೂ ಇಲ್ಲ. ಅಧಿಕಾರ ಇರುವುದು ಅರವತ್ತು ದಾಟಿದ ಅಜ್ಜಿಯ ಹತ್ತಿರ. ಲಕ್ಷ್ಮಮ್ಮಣ್ಣಿ ಹೈದರ್, ಟಿಪ್ಪುವಿನ ಕಾಲದುದ್ದಕ್ಕೂ ತನ್ನ ದೂತ ತಿರುಮಲರಾಯರ ಮೂಲಕ ಇಂಗ್ಲಿಷರ ಜೊತೆ ಗುಟ್ಟಾಗಿ ಮಾತುಕತೆ ನಡೆಸಿದವಳು. ಗಂಡನನ್ನು ಸಿಡುಬಿಗೆ ಕಳೆದುಕೊಂಡವಳು ಅನ್ನುತ್ತಾರೆ. ಪ್ರಾಮಾಣಿಕವಾಗಿ ಹೇಳುತ್ತೇನೆ, ಕಾದಂಬರಿ ಬರೆಯುವಾಗ ಈ ಅಜ್ಜಿ ಪ್ರತಿ ಪುಟದಲ್ಲೂ ಮೊಮ್ಮಗನ ಹೆಂಡತಿಯನ್ನು ಪಕ್ಕಕ್ಕೆ ತಳ್ಳುತ್ತಾಳೆ. ಬಿಡಬೇಡಿ. ಅಜ್ಜಿಯ ಕಥೆ ಬೇರೆ ಪುಸ್ತಕ.

ಆದ್ದರಿಂದ ಒಂದು ಹಾಳೆಯ ಮೇಲೆ ಬರೆಯಿರಿ. ಅವಳು ಯಾರಿಗೆ 'ಇಲ್ಲ' ಅನ್ನಬಲ್ಲಳು? ಯಾರಿಗೆ ಏನಾದರೂ ಕೊಡಬಲ್ಲಳು? ಯಾವ ಗುಟ್ಟು ಅವಳಿಗೆ ಮಾತ್ರ ಗೊತ್ತು? ನನ್ನ ಹಾಳೆಯಲ್ಲಿ ಉಳಿದದ್ದು: ಒಬ್ಬಳು ಊಳಿಗದ ಹುಡುಗಿ, ತವರಿನಿಂದ ತಂದ ಒಂದು ಒಡವೆ, ಜಾಲರಿಯ ಹಿಂದೆ ಕೇಳಿಸಿಕೊಂಡ ಎರಡು ಮಾತು. ಇಷ್ಟರಲ್ಲೇ ಕಥೆ ನಡೆಸಬೇಕು. ಕತ್ತಿ ಕೊಟ್ಟರೆ ಸುಲಭ, ಆದರೆ ಅದು ಸುಳ್ಳು.

ಇಬ್ಬರು ರಾಣಿಯರಿಗೂ ಒಂದೇ ಹೆಸರು ಅನ್ನುವುದು ಬರೆಯುವವನಿಗೆ ತಲೆನೋವು. ಮನೆಯೊಳಗೆ ಕರೆಯುವ ಹೆಸರು ಕೊಡಿ. ನಾನು ಹಿರಿಯವಳನ್ನು ದೊಡ್ಡಮ್ಮಣ್ಣಿ, ಕಿರಿಯವಳನ್ನು ಪುಟ್ಟಮ್ಮಣ್ಣಿ ಮಾಡಿದೆ. ಆಮೇಲೆ ಆ ತಲೆನೋವೇ ಕಥೆಗೆ ಉಪಯೋಗಕ್ಕೆ ಬಂತು. ಯಾರೋ 'ದೇವಾಜಮ್ಮಣ್ಣಿ' ಅಂತ ಕೂಗಿದಾಗ ಇಬ್ಬರೂ ತಿರುಗುತ್ತಾರೆ, ಒಬ್ಬಳು ಮಾತ್ರ ಎದ್ದು ಹೋಗುತ್ತಾಳೆ.

ಐದನೇ ಹೆಜ್ಜೆ: ಮದುವೆಯನ್ನು ಪ್ರೇಮಕಥೆ ಮಾಡಬೇಡಿ

ಇಲ್ಲಿ ನಾನು ಸ್ವಲ್ಪ ಹಟಮಾರಿ. ಹುಡುಗನಿಗೆ ಹನ್ನೊಂದು, ಹುಡುಗಿಗೆ ಹನ್ನೆರಡು. ಮಕ್ಕಳ ಮದುವೆ. ಅದನ್ನು ಬೆಳದಿಂಗಳು, ಕಳ್ಳನೋಟ ಅಂತ ಸಿಂಗರಿಸಿದರೆ ಓದುವ ಮಕ್ಕಳಿಗೆ ಮೋಸ. ಹಾಗಂತ ಪ್ರತಿ ಪುಟದಲ್ಲೂ 'ಎಂಥ ಅನ್ಯಾಯ' ಅಂತ ಭಾಷಣವೂ ಬೇಡ. ಅವಳಿಗೆ ಅದು ಅನ್ಯಾಯ ಅನ್ನಿಸಿರಲಿಕ್ಕಿಲ್ಲ, ಸುತ್ತಲಿನ ಹುಡುಗಿಯರಿಗೆಲ್ಲ ಆಗುತ್ತಿದ್ದದ್ದೇ ಅದು. ಅವಳಿಗೆ ಅನ್ನಿಸಿರಬಹುದಾದದ್ದು ಒಂಟಿತನ, ಭಯ, ತವರಿನ ನೆನಪು, ಆಟದಲ್ಲಿ ಸೋತರೆ ರಾಜನಿಗೆ ಬರುವ ಸಿಟ್ಟು. ಅದನ್ನು ಬರೆಯಿರಿ. ಉಳಿದದ್ದು ಓದುವವಳಿಗೇ ಗೊತ್ತಾಗುತ್ತದೆ. ಅವಳು ದಡ್ಡಿಯಲ್ಲ.

ಆರನೇ ಹೆಜ್ಜೆ: ಕಥೆಗೆ ಒಂದು ಗಡಿಯಾರ

ಹದಿಹರೆಯದವರ ಕಾದಂಬರಿ ಒಂದು ಬದುಕನ್ನು ಪೂರ್ತಿ ಹೇಳಬೇಕಾಗಿಲ್ಲ. ಹುಟ್ಟಿನಿಂದ ಸಾವಿನವರೆಗೆ ಹೇಳಲು ಹೋದರೆ ಪಾಠದ ಪುಸ್ತಕವಾಗುತ್ತದೆ. ಕಡಿಮೆ ದಿನ ಹಿಡಿಯಿರಿ.

ಆಗಿನ ಲಸಿಕೆ ಹೇಗೆ ಸಾಗುತ್ತಿತ್ತು ಅನ್ನುವುದೇ ನನಗೆ ಗಡಿಯಾರ ಕೊಟ್ಟಿತು. ಸೀಸೆ ಇಲ್ಲ, ಫ್ರಿಜ್ ಇಲ್ಲ. ಒಬ್ಬರ ತೋಳಿಗೆ ಚುಚ್ಚುತ್ತಾರೆ. ಗುಳ್ಳೆ ಏಳುತ್ತದೆ. ಸುಮಾರು ಎಂಟನೇ ದಿನಕ್ಕೆ ಅದು ಮಾಗುತ್ತದೆ. ಅದರ ರಸ ತೆಗೆದು ಮುಂದಿನವರ ತೋಳಿಗೆ. ತೋಳಿನಿಂದ ತೋಳಿಗೆ, ಊರಿನಿಂದ ಊರಿಗೆ, ಹೆಚ್ಚಾಗಿ ಮಕ್ಕಳ ಮೈಮೇಲೆಯೇ. ಒಂದು ಕೊಂಡಿ ತಪ್ಪಿದರೆ ಲಸಿಕೆಯೇ ಸತ್ತಿತು.

ಈಗ ಯೋಚಿಸಿ. ರಾಣಿಯ ತೋಳಿಗೆ ಬಂದ ರಸ ಯಾರ ತೋಳಿನಿಂದ ಬಂತು? ಅದು ಯಾವ ಜಾತಿಯ ಮಗು? ಅರಮನೆಯ ಹೆಬ್ಬಾಗಿಲಿನೊಳಗೆ ಆ ಮಗು ಹೇಗೆ ಬಂತು, ಎಲ್ಲಿ ಕೂರಿಸಿದರು, ಏನು ತಿನ್ನಲು ಕೊಟ್ಟರು? ಎಂಟು ದಿನವಾದ ಮೇಲೆ ರಾಣಿಯ ತೋಳಿನಿಂದ ಯಾರಿಗೆ? ಮಡಿ ಮೈಲಿಗೆಯ ಲೆಕ್ಕದಲ್ಲಿ ಬದುಕುವ ಮನೆಯಲ್ಲಿ ಇದಕ್ಕಿಂತ ದೊಡ್ಡ ಬಾಂಬ್ ಬೇಕಾ?

ಅದರ ಮೇಲೆ, ನಮ್ಮಲ್ಲಿ ಸಿಡುಬು ಬರೀ ರೋಗ ಅಲ್ಲ. 'ಅಮ್ಮ ಬಂದಿದ್ದಾಳೆ' ಅನ್ನುತ್ತೇವೆ. ಬೇವಿನ ಸೊಪ್ಪು ಕಟ್ಟುತ್ತೇವೆ. ಲಸಿಕೆಗೂ ನಮ್ಮ ಹಿರಿಯರ ಬಾಯಲ್ಲಿ 'ದೇವಿ ಹಾಕಿಸೋದು' ಅಂತಲೇ ಹೆಸರು. ಅಮ್ಮ ಬರುವ ಮೊದಲೇ ಬಾಗಿಲು ಹಾಕಿದರೆ ಅವಳಿಗೆ ಸಿಟ್ಟು ಬರಲ್ವಾ ಅಂತ ಒಬ್ಬಳು ಕೆಲಸದಾಕೆ ಕೇಳಬೇಕು. ಪುಟ್ಟಮ್ಮಣ್ಣಿಗೆ ಉತ್ತರ ಸಿಗಬಾರದು, ಸುಲಭಕ್ಕೆ.

ನನ್ನ ಕಾದಂಬರಿಗೆ ಎಂಟು ಅಧ್ಯಾಯ, ಎಂಟು ದಿನ. ಚುಚ್ಚಿದ ದಿನದಿಂದ ಗುಳ್ಳೆ ಮಾಗುವ ದಿನದವರೆಗೆ. ನಿಮ್ಮ ರಾಣಿಗೆ ಬೇರೆ ಗಡಿಯಾರ ಇರುತ್ತದೆ: ಮದುವೆಯ ಐದು ದಿನ, ನವರಾತ್ರಿಯ ಒಂಬತ್ತು, ಒಂದು ಪ್ರಯಾಣ. ಕಾವೇರಿಗೆ ಶ್ರೀರಂಗಪಟ್ಟಣದಲ್ಲಿ ಪೂರ್ಣಯ್ಯನವರು ಕಟ್ಟಿಸಿದ ಕಲ್ಲಿನ ಸೇತುವೆ 1804ರಲ್ಲಿ ಮುಗಿಯಿತು. ಹೊಸ ಸೇತುವೆಯ ಮೇಲೆ ಮುಚ್ಚಿದ ಪಲ್ಲಕ್ಕಿ, ಒಳಗೆ ಒಬ್ಬಳು ಹುಡುಗಿ. ಸುಮ್ನೆ ಹೇಳಿದೆ.

ಏಳನೇ ಹೆಜ್ಜೆ: ಬಾಯಿಗೆ ಮಾತು ಕೊಡುವುದು

'ಎಲೈ', 'ಆಹಾ', 'ಪ್ರಾಣನಾಥ' ಇವನ್ನೆಲ್ಲ ಕಂಪನಿ ನಾಟಕಕ್ಕೆ ಬಿಡಿ. ಈ ಹುಡುಗಿ ಮನೆಯಲ್ಲಿ ಮಾತಾಡಿದ್ದು ಮೈಸೂರು ಸೀಮೆಯ ಮನೆಮಾತಿನ ಕನ್ನಡ. ಆಡುಮಾತಿಗೆ ಹತ್ತಿರದ ಸರಳ ಕನ್ನಡ ಬರೆದು, ಕಾಲದ ಕೆಲವೇ ಪದ ಉದುರಿಸಿ. ಇಂಗ್ಲಿಷರ ಸರ್ಕಾರ ಅಂದರೆ ಕುಂಪಣಿ. ಊಳಿಗದವರು 'ಬುದ್ಧೀ' ಅನ್ನುತ್ತಾರೆ, 'ಅಪ್ಪಣೆ ಆಗಬೇಕು' ಅನ್ನುತ್ತಾರೆ. ಅಜ್ಜಿ ಹುಡುಗಿಗೆ ಏಕವಚನ, ಹುಡುಗಿ ಅಜ್ಜಿಗೆ ಬಹುವಚನ. ರಾಜನ ಜೊತೆ ಆಟಕ್ಕೆ ಕೂತಾಗ ಒಮ್ಮೆ ಬಾಯಿ ತಪ್ಪಿ 'ನೀನು' ಅಂದುಬಿಟ್ಟರೆ ಅದೇ ಒಂದು ದೃಶ್ಯ.

ಮಾತಿಗಿಂತ ಕಷ್ಟ ಯೋಚನೆ. ನನ್ನ ಮೊದಲ ಕರಡಿನ ಸಾಲು ಇದು:

"ನನ್ನ ದೇಹ ನನ್ನದು! ನನ್ನ ಒಪ್ಪಿಗೆಯಿಲ್ಲದೆ ಯಾರೂ ಮುಟ್ಟಕೂಡದು!" ಎಂದು ರಾಣಿ ಗುಡುಗಿದಳು.

ಚಪ್ಪಾಳೆ ಬೀಳುವ ಸಾಲು. ಆದರೆ ಮಾತಾಡುತ್ತಿರುವುದು ನಾನು, ಅವಳಲ್ಲ. ನಾಲ್ಕನೇ ಸಲ ಬರೆದಾಗ ಹೀಗಾಯಿತು:

"ಯಾವ ತೋಳು?" ಅಂತ ಅಜ್ಜಿ ಕೇಳಿದರು.

ಅರಮನೆಗೆ ಬಂದ ಮೇಲೆ ಅವಳನ್ನು ಯಾರೂ ಏನನ್ನೂ ಕೇಳಿರಲಿಲ್ಲ. ಸೀರೆ ಯಾವುದು, ಬಳೆ ಎಷ್ಟು, ಊಟ ಯಾವಾಗ, ಎಲ್ಲ ಬೇರೆಯವರೇ ಹೇಳುತ್ತಿದ್ದರು. ಪುಟ್ಟಮ್ಮಣ್ಣಿ ಎರಡೂ ತೋಳು ನೋಡಿಕೊಂಡಳು. ಕವಡೆ ಎಸೆಯುವುದು ಬಲಗೈಯಲ್ಲಿ.

"ಎಡದ್ದು," ಅಂದಳು.

ಚಿತ್ರದಲ್ಲಿ ಕಾಣುವುದು ಎಡತೋಳು. ಯಾಕೆ ಎಡ ಅಂತ ಯಾವ ದಾಖಲೆಯೂ ಹೇಳುವುದಿಲ್ಲ. ಅಲ್ಲಿ ನನಗೆ ಕೈ ಹಾಕಲು ಜಾಗ ಸಿಕ್ಕಿತು. ನಿಮ್ಮ ರಾಣಿಯ ಕಥೆಯಲ್ಲೂ ಇಂಥದ್ದೊಂದು ಸಂದು ಇರುತ್ತದೆ. ಗೊತ್ತಿರುವ ಸಂಗತಿ, ಅದಕ್ಕೆ ಗೊತ್ತಿಲ್ಲದ ಕಾರಣ. ಅದನ್ನು ಹುಡುಕಿ ಅಲ್ಲಿ ಅವಳಿಂದ ಒಂದು ಸಣ್ಣ ತೀರ್ಮಾನ ಮಾಡಿಸಿ. ಇಡೀ ಕಾದಂಬರಿ ಆ ಒಂದು ಪದದ ಮೇಲೆ ನಿಂತರೂ ತಪ್ಪಿಲ್ಲ.

ಎಂಟನೇ ಹೆಜ್ಜೆ: ಒಳ್ಳೆಯವರು, ಕೆಟ್ಟವರು

ಇದು ಚಿಕ್ಕದು, ಆದರೆ ಜಗಳ ತರುವುದು. 1805ರ ಮೈಸೂರು ಅಂದರೆ ಟಿಪ್ಪು ಬರುತ್ತಾನೆ, ಕುಂಪಣಿ ಬರುತ್ತದೆ, ಪೂರ್ಣಯ್ಯ ಬರುತ್ತಾರೆ. ಇವತ್ತಿನ ಜಗಳವನ್ನು ಹನ್ನೆರಡರ ಹುಡುಗಿಯ ತಲೆಗೆ ತುಂಬಬೇಡಿ. ಅಜ್ಜಿಗೆ ಟಿಪ್ಪು ಶತ್ರು. ಅಡುಗೆಮನೆಯ ಮುದುಕಿಗೆ ಅವನ ಸೈನ್ಯದಲ್ಲಿ ಸತ್ತ ಮಗನಿರಬಹುದು. ಎರಡನ್ನೂ ಹುಡುಗಿ ಕೇಳಲಿ. ಲಸಿಕೆ ತಂದ ಇಂಗ್ಲಿಷ್ ಡಾಕ್ಟರೂ ದೇವರಲ್ಲ. 7 ಲಕ್ಷ ಪಗೋಡ ವಸೂಲಿ ಮಾಡುವ ಕುಂಪಣಿಯ ನೌಕರ ಅವನು. ಮತ್ತೆ, ನಿಜವಾಗಿಯೂ ಜೀವ ಉಳಿಸುವ ವಸ್ತು ಅವನ ಕೈಯಲ್ಲಿದೆ. ಎರಡೂ ಒಟ್ಟಿಗೇ ಇರಲಿ.

ಕೊನೆಯ ಹೆಜ್ಜೆ: ಓದಿಸಿ, ಒಪ್ಪಿಕೊಳ್ಳಿ

ಕರಡನ್ನು ದೊಡ್ಡವರಿಗೆ ಮೊದಲು ಕೊಡಬೇಡಿ. ಅವರು ಇಸವಿ ತಿದ್ದುತ್ತಾರೆ. ಹದಿಮೂರರಿಂದ ಹದಿನಾರರ ಒಳಗಿನ ಇಬ್ಬರು ಮೂವರಿಗೆ ಕೊಟ್ಟು, ಎಲ್ಲಿ ಪುಸ್ತಕ ಮುಚ್ಚಿ ಫೋನ್ ಎತ್ತಿಕೊಂಡರು ಅಂತ ಪೆನ್ಸಿಲಿನಲ್ಲಿ ಗುರುತು ಹಾಕಲು ಹೇಳಿ. ನನ್ನ ಹಸ್ತಪ್ರತಿಯಲ್ಲಿ ಒಂದೇ ಅಧ್ಯಾಯದಲ್ಲಿ ಮೂರು ಗುರುತು ಬಂದವು. ಮೂರೂ ನಾನು ಒಪ್ಪಂದದ ಕಲಮುಗಳನ್ನು ವಿವರಿಸಿದ್ದ ಪುಟಗಳು. ಕತ್ತರಿಸಿದೆ. ಈಗ ಒಪ್ಪಂದ ಬರುವುದು ಜಾಲರಿಯ ಹಿಂದೆ ಕೇಳಿಸುವ ಒಂದೇ ಮಾತಾಗಿ: ಈ ವರ್ಷದ ಹಣ ಹೊಂದಿಸುವುದು ಕಷ್ಟ.

ಪುಸ್ತಕದ ಕೊನೆಗೆ ಎರಡು ಪುಟದ ಲೇಖಕರ ಮಾತು ಇರಲೇಬೇಕು. ಯಾವುದು ನಡೆದದ್ದು, ಯಾವುದು ನಿಮ್ಮ ಕಲ್ಪನೆ ಅಂತ ಬಿಡಿಸಿ ಹೇಳಿ. ಮಕ್ಕಳು ಹೇಗಿದ್ದರೂ ಹುಡುಕಿ ನೋಡುತ್ತಾರೆ. ನನ್ನದರಲ್ಲಿ ಹೀಗೆ ಬರೆದಿದ್ದೇನೆ: ಅಜ್ಜಿ, ರಾಜ, ಇಬ್ಬರು ರಾಣಿಯರು, ದಿವಾನರು ಇದ್ದವರು. ಊಳಿಗದ ಹುಡುಗಿ ನಾನು ಹುಟ್ಟಿಸಿದವಳು. ಚಿತ್ರದಲ್ಲಿರುವವರು ಯಾರು ಅನ್ನುವುದು ಒಬ್ಬ ಇತಿಹಾಸಕಾರರ ವಾದ, ನಾನು ಅದನ್ನು ನಂಬಿ ಬರೆದೆ. 'ಎಡದ್ದು' ಅನ್ನುವ ಮಾತು ನನ್ನದು.

ಅಕ್ಕನ ಮಗಳು ಇದನ್ನೂ ಓದಿದಳು. ಆಮೇಲೆ ಫೋನಿನಲ್ಲಿ ಆ ಚಿತ್ರ ತೆಗೆದು, ಬೆರಳಿನಿಂದ ದೊಡ್ಡದು ಮಾಡಿ, ತುಂಬ ಹೊತ್ತು ಆ ತೋಳನ್ನೇ ನೋಡುತ್ತಾ ಕೂತಳು.